ಟರ್ಮಕ್ಸ್‌ನಲ್ಲಿ ಸಿಎಚ್‌ಮಾಡ್ ಹೊಡೆದ್ರೂ ಪರ್ಮಿಷನ್ ಡಿನೈಡ್ ಬರ್ತಿದ್ಯಾ? ಮೊದ್ಲು ಫೈಲ್ ಎಲ್ಲಿದೆ ನೋಡಿ

ಆಂಡ್ರಾಯ್ಡ್ ಫೋನಲ್ಲಿ ಟರ್ಮಕ್ಸ್ (ಫೋನಲ್ಲೇ ಲಿನಕ್ಸ್ ಕಮಾಂಡ್ ಹೊಡೆಯೋ ಆಪ್) ಹಾಕ್ಕೊಂಡು ಯಾವ್ದೋ ಸ್ಕ್ರಿಪ್ಟ್ ಡೌನ್‌ಲೋಡ್ ಮಾಡಿ ಓಡ್ಸೋಕ್ ಹೋದ್ರೆ ಪರ್ಮಿಷನ್ ಡಿನೈಡ್ ಅನ್ನುತ್ತೆ, ಸರಿ ಬಿಡು ಅಂತ ಫೈಲ್‌ಗೆ ಓಡೋ ಹಕ್ಕು ಕೊಡೋ ಸಿಎಚ್‌ಮಾಡ್ +ಎಕ್ಸ್ ಹೊಡೀತೀವಿ, ಮತ್ತೆ ಓಡ್ಸಿದ್ರೆ ಅದೇ ರಾಗ. ಹೆಸರಲ್ಲೇ ಮಾಡ್ ಇದೆ, ಏನೂ ಮಾಡಲ್ಲ. ನಾನು ಒಂದಿಡೀ ಭಾನುವಾರ ಮಧ್ಯಾಹ್ನ ಇದಕ್ಕೇ ಸುರ್ದಿದೀನಿ, 755 ಆಯ್ತು, 777 ಆಯ್ತು, ಫೋನ್ ರೀಸ್ಟಾರ್ಟೂ ಆಯ್ತು, ಕೊನೆಗೆ ನೋಡಿದ್ರೆ ಕಮಾಂಡ್ ಸರಿಯಾಗೇ ಇತ್ತು, ಫೈಲ್ ಇಟ್ಟಿದ್ ಜಾಗ ತಪ್ಪಾಗಿತ್ತು.

(ಕಮಾಂಡ್‌ಗಳನ್ನ ಬಾಯಲ್ಲಿ ಹೇಳೋ ಥರಾನೇ ಬರ್ದಿದೀನಿ, ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಹಾಕ್ಕೊಳ್ಳಿ.)

ಡೌನ್‌ಲೋಡ್ ಫೋಲ್ಡರಲ್ಲಿ ನಿಂತು ಎಲ್‌ಎಸ್ -ಎಲ್ ಹೊಡೀರಿ, ಫೈಲ್‌ಗಳ ಪಟ್ಟಿ ಪರ್ಮಿಷನ್ ಸಮೇತ ಬರುತ್ತೆ. ಪ್ರತಿ ಫೈಲ್ ಮುಂದೆ ಆರ್ ಡಬ್ಲ್ಯೂ (ಓದೋ, ಬರೆಯೋ ಹಕ್ಕು), ಆಮೇಲೆ ಇನ್ನೊಂದ್ಸಲ ಆರ್ ಡಬ್ಲ್ಯೂ, ಮಿಕ್ಕಿದ್ದೆಲ್ಲಾ ಬರೀ ಗೆರೆ. ಓಡ್ಸೋ ಹಕ್ಕಿನ ಎಕ್ಸ್ ಅನ್ನೋದು ಹುಡುಕಿದ್ರೂ ಸಿಗಲ್ಲ. ಸಿಎಚ್‌ಮಾಡ್ ಹೊಡೆದು ಮತ್ತೆ ನೋಡಿ, ಒಂದಕ್ಷರಾನೂ ಅಲ್ಲಾಡಿರಲ್ಲ. ಯಾಕಂದ್ರೆ ಡೌನ್‌ಲೋಡ್ ಫೋಲ್ಡರ್ ಇರೋ /ಎಸ್‌ಡಿಕಾರ್ಡ್ ಅನ್ನೋದು ಎಲ್ಲಾ ಆಪ್‌ಗಳೂ ಹಂಚ್ಕೊಳ್ಳೋ ಜಾಗ, ಅಲ್ಲಿ ಯಾವ ಫೈಲ್‌ಗೆ ಯಾವ ಪರ್ಮಿಷನ್ ಅನ್ನೋದನ್ನ ಆಂಡ್ರಾಯ್ಡೇ ತೀರ್ಮಾನ ಮಾಡಿ ತೋರಿಸುತ್ತೆ, ಸಾಲದ್ದಕ್ಕೆ ಆ ಜಾಗನ ನೋಎಕ್ಸೆಕ್ ಅಂತ ಮೌಂಟ್ ಮಾಡಿರುತ್ತೆ, ಅಂದ್ರೆ ಅಲ್ಲಿಂದ ನೇರವಾಗಿ ಏನನ್ನೂ ಓಡ್ಸೋ ಹಾಗಿಲ್ಲ. ಕೆಲವು ಫೋನಲ್ಲಿ ಎರರ್ ಆದ್ರೂ ಬರುತ್ತೆ, ಕೆಲವದ್ರಲ್ಲಿ ಆಯ್ತು ಅನ್ನೋ ಥರ ಸುಮ್ನಿದ್ದುಬಿಡುತ್ತೆ, ಅದೇ ಜಾಸ್ತಿ ತಲೆ ಕೆಡ್ಸೋದು.

ಹಾಗಾಗಿ ಮೊದ್ಲು ಫೈಲ್‌ನ ಟರ್ಮಕ್ಸ್ ಮನೆಯೊಳಗೆ (ಅದರ ಸ್ವಂತ ಹೋಮ್ ಫೋಲ್ಡರ್, ಗುರುತು ~) ತನ್ನಿ. ಟರ್ಮಕ್ಸ್-ಸೆಟಪ್-ಸ್ಟೋರೇಜ್ ಅಂತ ಒಂದ್ಸಲ ಹೊಡೆದು ಅಲೋ ಕೊಡಿ, ಆಮೇಲೆ ಈ ನಾಲ್ಕು ಸಾಲು:

ಸಿಪಿ /ಎಸ್‌ಡಿಕಾರ್ಡ್/ಡೌನ್‌ಲೋಡ್/ಬ್ಯಾಕಪ್.ಎಸ್‌ಎಚ್ ~/
ಸಿಡಿ
ಸಿಎಚ್‌ಮಾಡ್ 700 ಬ್ಯಾಕಪ್.ಎಸ್‌ಎಚ್
./ಬ್ಯಾಕಪ್.ಎಸ್‌ಎಚ್

ಡೌನ್‌ಲೋಡ್ ಪದದ ಡಿ ಮಾತ್ರ ಕ್ಯಾಪಿಟಲ್. ಈಗ ಎಲ್‌ಎಸ್ -ಎಲ್ ನೋಡಿದ್ರೆ ಎಕ್ಸ್ ಬಂದು ಕೂತಿರುತ್ತೆ.

ನಂಬರ್ ಲೆಕ್ಕ ಸುಲಭ, ಓದೋದಕ್ಕೆ 4, ಬರೆಯೋದಕ್ಕೆ 2, ಓಡ್ಸೋದಕ್ಕೆ 1, ಕೂಡ್ಕೊಳ್ಳಿ ಅಷ್ಟೇ. ಮೊದಲ್ನೇ ಅಂಕಿ ಓನರ್‌ಗೆ, ಎರಡನೇದು ಗ್ರೂಪ್‌ಗೆ, ಮೂರನೇದು ಊರೋರಿಗೆ. ಆಂಡ್ರಾಯ್ಡಲ್ಲಿ ಒಂದೊಂದು ಆಪೂ ಬೇರೆ ಬೇರೆ ಲಿನಕ್ಸ್ ಯೂಸರ್, ಟರ್ಮಕ್ಸ್ ಮನೆಗೆ ಬೇರೆ ಆಪ್ ಬರೋಕೇ ಆಗಲ್ಲ, ಹಾಗಾಗಿ ಇಲ್ಲಿ 700 ಸಾಕು, 777 ಕೊಟ್ರೆ ಎಕ್ಸ್ಟ್ರಾ ಏನೂ ಗಿಟ್ಟಲ್ಲ.

ಎಸ್‌ಎಸ್‌ಎಚ್ (ಬೇರೆ ಕಂಪ್ಯೂಟರ್‌ಗೆ ದೂರದಿಂದ ಲಾಗಿನ್ ಆಗೋ ಪ್ರೋಗ್ರಾಂ) ಕೀ ಇಟ್ಕೊಂಡೋರಿಗೂ ಇದೇ ಕಥೆ. ಲ್ಯಾಪ್‌ಟಾಪಿಂದ ಕೇಬಲ್ ಹಾಕಿ ಪ್ರೈವೇಟ್ ಕೀನ ಡೌನ್‌ಲೋಡ್ಸ್‌ಗೆ ಕಾಪಿ ಮಾಡ್ತೀವಿ, ಎಸ್‌ಎಸ್‌ಎಚ್ ಕೆಲವು ಫೋನಲ್ಲಿ ಅದನ್ನ ನೋಡಿ ಪರ್ಮಿಷನ್ ತುಂಬಾ ಓಪನ್ ಆಗಿದೆ ಅಂತ ದೊಡ್ಡದಾಗಿ ಬೈದು ಕೀನ ಮುಟ್ಟೋದೇ ಇಲ್ಲ. ಕೀನ ~/.ಎಸ್‌ಎಸ್‌ಎಚ್ ಒಳಗೆ ಹಾಕಿ, ಆ ಫೋಲ್ಡರ್‌ಗೆ 700, ಕೀಗೆ 600. ಆಮೇಲೆ ಡೌನ್‌ಲೋಡ್ಸಲ್ಲಿ ಉಳ್ದಿರೋ ಕಾಪಿ ಮರೀದೆ ಡಿಲೀಟ್ ಮಾಡಿ, ಫೈಲ್ ಆಕ್ಸೆಸ್ ಕೊಟ್ಟಿರೋ ಯಾವ ಆಪ್ ಬೇಕಾದ್ರೂ ಅದನ್ನ ಓದ್ಬಹುದು.

ಕಂಪ್ಯೂಟರಿಂದ ಎಡಿಬಿಲಿ (ಫೋನ್‌ಗೆ ಕಮಾಂಡ್ ಕಳ್ಸೋ ಟೂಲ್) ಮಾಡೋರಾದ್ರೆ ಸೆಟಿಂಗ್ಸಲ್ಲಿ ಬಿಲ್ಡ್ ನಂಬರ್ ಮೇಲೆ 7 ಸಲ ಒತ್ತಿ, ಡೆವಲಪರ್ ಆಪ್ಷನ್ಸಲ್ಲಿ ಯುಎಸ್‌ಬಿ ಡೀಬಗಿಂಗ್ ಆನ್ ಮಾಡಿ. ಎಡಿಬಿ ಪುಷ್ ಮಾಡೋದು /ಎಸ್‌ಡಿಕಾರ್ಡ್‌ಗಲ್ಲ, /ಡೇಟಾ/ಲೋಕಲ್/ಟಿಎಂಪಿಗೆ, ಅಲ್ಲಿ ಎಡಿಬಿ ಶೆಲ್ ಸಿಎಚ್‌ಮಾಡ್ 755 ಕೆಲ್ಸ ಮಾಡುತ್ತೆ. ಬೇರೆ ಆಪ್‌ನ ಡೇಟಾ ಫೋಲ್ಡರ್‌ಗೆ ಕೈ ಹಾಕ್ಬೇಕು ಅಂದ್ರೆ ರೂಟ್ (ಫೋನಿನ ಪೂರ್ತಿ ಅಧಿಕಾರ) ಬೇಕು, ರೂಟ್ ಆದ್ಮೇಲೂ ಎಸ್‌ಇಲಿನಕ್ಸ್ ಅನ್ನೋ ಆಂಡ್ರಾಯ್ಡ್ ಕಾವಲುಗಾರ ಬೇಡ ಅಂದ್ರೆ ಬೇಡ, 777 ಕೊಟ್ರೂ ಬಗ್ಗಲ್ಲ.

ಸುಮ್ನೆ ಒಂದ್ಸಲ ಓಡ್ಸಿ ನೋಡೋಕಾದ್ರೆ ಇಷ್ಟೆಲ್ಲಾ ಬೇಡ, ಬ್ಯಾಷ್ ಬ್ಯಾಕಪ್.ಎಸ್‌ಎಚ್ ಅಂತ ಹೊಡೀರಿ, ಸ್ಕ್ರಿಪ್ಟ್ ಓಡ್ಸೋ ಬ್ಯಾಷ್ ಫೈಲ್‌ನ ಬರೀ ಓದೋದ್ರಿಂದ ಎಕ್ಸ್ ಇಲ್ದಿದ್ರೂ ನಡಿಯುತ್ತೆ, ಡೌನ್‌ಲೋಡ್ಸಲ್ಲಿದ್ರೂ ನಡಿಯುತ್ತೆ. ಪರ್ಮಿಷನ್ ಸರಿ ಇದ್ದೂ ಬ್ಯಾಡ್ ಇಂಟರ್‌ಪ್ರಿಟರ್ ಅಂತ ಬಂದ್ರೆ ಅದು ಸ್ಕ್ರಿಪ್ಟ್‌ನ ಮೊದಲ್ನೇ ಸಾಲಿನ ತಕರಾರು, ಟರ್ಮಕ್ಸ್-ಫಿಕ್ಸ್-ಶೆಬಾಂಗ್ ಹಿಂದೆ ಫೈಲ್ ಹೆಸ್ರು ಕೊಡಿ.

ಇನ್ನೊಂದು, ಸಿಎಚ್‌ಮಾಡ್‌ಗೆ -ಆರ್ (ಕ್ಯಾಪಿಟಲ್, ಅಂದ್ರೆ ಒಳಗಿರೋದಕ್ಕೆಲ್ಲಾ ಅನ್ವಯ) ಹಾಕುವಾಗ ಹುಷಾರು. ಫೈಲ್‌ಗಳಿಗೆ ಎಕ್ಸ್ ಬೇಡ ಅಂತ ನಾನು ಒಂದಿನ ಇಡೀ ಪ್ರಾಜೆಕ್ಟ್ ಫೋಲ್ಡರ್‌ಗೆ ಸಿಎಚ್‌ಮಾಡ್ -ಆರ್ 644 ಹೊಡೆದೆ, ಆಮೇಲೆ ನನ್ ಫೋಲ್ಡರ್‌ಗೇ ನಾನು ಸಿಡಿ ಮಾಡಿ ಹೋಗೋಕಾಗ್ಲಿಲ್ಲ, ಯಾಕಂದ್ರೆ ಫೋಲ್ಡರ್ ಮೇಲಿರೋ ಎಕ್ಸ್ ಅಂದ್ರೆ ಓಡ್ಸೋದಲ್ಲ, ಹೊಸಿಲು ದಾಟೋ ಹಕ್ಕು. ಹಾಗಾಗಿದ್ರೆ ಸಿಎಚ್‌ಮಾಡ್ -ಆರ್ ಯು+ಆರ್‌ಡಬ್ಲ್ಯೂಎಕ್ಸ್, ಮುಂದೆ ಫೋಲ್ಡರ್ ಹೆಸ್ರು. ಇಲ್ಲಿ -ಆರ್‌ದೂ ಕೊನೇ ಎಕ್ಸ್‌ದೂ ಎರಡೂ ಕ್ಯಾಪಿಟಲ್, ದೊಡ್ಡ ಎಕ್ಸ್ ಫೋಲ್ಡರ್‌ಗಳಿಗೆ ಹೊಸಿಲು ಬಿಟ್ಟುಕೊಡುತ್ತೆ, 644 ಆಗಿ ಕೂತಿರೋ ಫೈಲ್‌ಗಳ ತಂಟೆಗೆ ಹೋಗಲ್ಲ.