ಮೊಟ್ಟೆಯ ಹಳದಿಯಿಂದ ಕಾಕ್ಸ್17 ಆ್ಯಂಟಿಬಾಡಿ: ಮೈಸೂರಿನಲ್ಲಿ ನನ್ನ ಅನುಭವ

ಮೈಟೊಕಾಂಡ್ರಿಯದ ಉಸಿರಾಟದ ಕಿಣ್ವಕ್ಕೆ (ಕಾಂಪ್ಲೆಕ್ಸ್ ನಾಲ್ಕು) ತಾಮ್ರ ಒಯ್ಯುವ ಪ್ರೋಟೀನು ಕಾಕ್ಸ್17. ಅದನ್ನು ಗುರುತಿಸುವ ಆ್ಯಂಟಿಬಾಡಿಯನ್ನು ಕೋಳಿಯಲ್ಲಿ ಮಾಡುತ್ತೇನೆ ಅಂದಾಗ ಮೈಸೂರಿನ ನಮ್ಮ ಲ್ಯಾಬಿನ ಸುತ್ತಮುತ್ತ ಒಬ್ಬರೂ ಒಪ್ಪಲಿಲ್ಲ. 63 ಅಮೈನೋ ಆಮ್ಲದ ಪುಟ್ಟ ಪ್ರೋಟೀನು, ಅದರಲ್ಲಿ ಆರು ಸಿಸ್ಟೀನು (ಒಂದಕ್ಕೊಂದು ಬೆಸೆದುಕೊಳ್ಳುವ ಗಂಧಕದ ಅಮೈನೋ ಆಮ್ಲ), ಬ್ಲಾಟಿನಲ್ಲೇ (ಜೆಲ್‌ನಿಂದ ಪ್ರೋಟೀನನ್ನು ಮೆಂಬ್ರೇನಿಗೆ ಇಳಿಸಿ ಆ್ಯಂಟಿಬಾಡಿಯಿಂದ ಹುಡುಕುವ ಪರೀಕ್ಷೆ) ನಿಲ್ಲುವುದಿಲ್ಲ, ಕಾಸು ದಂಡ ಅಂದರು. ಈಗ ಹಾಗೆ ಅಂದವರೇ ಟ್ಯೂಬು ಕೇಳಿಕೊಂಡು ಬರುತ್ತಾರೆ. ಮೈಟೊಕಾಂಡ್ರಿಯದ ತಾಮ್ರದ ಮೇಲೆ ಕೆಲಸ ಮಾಡುವ ಬೇರೆಯವರಿಗೂ ದಾರಿ ಸಿಗಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಕೊಂಡು ತಂದ ಮೊಲದ ಆ್ಯಂಟಿಬಾಡಿಗಳ ಕಥೆ. 100 ಮೈಕ್ರೊಲೀಟರಿಗೆ ಸುಮಾರು 40 ಸಾವಿರ, ಬರಲು ಎರಡು ತಿಂಗಳ ಮೇಲೆ. ಎರಡು ಕಡೆಯಿಂದ ತರಿಸಿದೆ. ಕಿಲೋಡಾಲ್ಟನ್ (ಪ್ರೋಟೀನಿನ ತೂಕದ ಅಳತೆ) ಲೆಕ್ಕದಲ್ಲಿ 25ರ ಹತ್ತಿರ ಬ್ಯಾಂಡು, 50ರ ಹತ್ತಿರ ಬ್ಯಾಂಡು, ಕಾಕ್ಸ್17 ಇರಬೇಕಾದ 7ರ ಜಾಗ ಖಾಲಿ. ಎಸ್‌ಐಆರ್‌ಎನ್‌ಎ ಕೊಟ್ಟು ಕಾಕ್ಸ್17 ತಯಾರಿಯನ್ನು ತಗ್ಗಿಸಿದ ಕೋಶಗಳ ಲೇನಿನಲ್ಲೂ ಅದೇ ಬ್ಯಾಂಡುಗಳು ಹಾಗೇ ಕೂತಿದ್ದವು. ಮಾರಿದವರಿಗೆ ಬರೆದರೆ ‘ನಿಮ್ಮ ಸ್ಯಾಂಪಲ್ ಸರಿಯಿಲ್ಲ’ ಅನ್ನುವ ಉತ್ತರ. ಆ ವರ್ಷದ ಕೆಮಿಕಲ್ಸ್ ದುಡ್ಡಿನಲ್ಲಿ ಹತ್ತಿರ ಹತ್ತಿರ ಮೂರರಲ್ಲಿ ಒಂದು ಪಾಲು ಅಲ್ಲಿಗೇ ಹೋಯಿತು.

ಆ್ಯಂಟಿಬಾಡಿ ಕೆಟ್ಟದ್ದೋ, ಪ್ರೋಟೀನೇ ಕೈತಪ್ಪುತ್ತಿದೆಯೋ ಅಂತ ಮೊದಲು ತಿಳಿಯಬೇಕಿತ್ತು. ಬಿಎಲ್21 ಬ್ಯಾಕ್ಟೀರಿಯಾದಲ್ಲಿ ಹಿಸ್-ಟ್ಯಾಗ್ (ಗುರುತಿನ ಬಾಲ) ಹಾಕಿದ ಕಾಕ್ಸ್17 ತೆಗೆದು, 16.5 ಶೇಕಡಾ ಟ್ರೈಸಿನ್ ಜೆಲ್‌ನಲ್ಲಿ ಓಡಿಸಿ, ಟ್ರಾನ್ಸ್‌ಫರ್ ಮಾಡುವಾಗ ಮೆಂಬ್ರೇನಿನ ಹಿಂದೆ ಇನ್ನೊಂದು ಮೆಂಬ್ರೇನ್ ಇಟ್ಟೆ. ಎರಡಕ್ಕೂ ಹಿಸ್ ಆ್ಯಂಟಿಬಾಡಿ ಹಾಕಿದಾಗ ಗುಟ್ಟು ರಟ್ಟಾಯಿತು: 0.45 ಮೈಕ್ರಾನ್ ರಂಧ್ರದ ಮುಂದಿನ ಮೆಂಬ್ರೇನ್ ಖಾಲಿ, ಹಿಂದಿನದರಲ್ಲಿ ದಪ್ಪ ಬ್ಯಾಂಡು! ಪ್ರೋಟೀನು ಆರಪಾರ ಹೋಗಿತ್ತು. 0.2 ಮೈಕ್ರಾನ್ ಪಿವಿಡಿಎಫ್ ಮೆಂಬ್ರೇನಿಗೆ ಬದಲಾಯಿಸಿದೆ, ಮೆಥನಾಲ್ 20 ಶೇಕಡಾ ಇಟ್ಟೆ, ಹೊತ್ತು ಅರ್ಧಕ್ಕಿಂತ ಕಡಿಮೆ ಮಾಡಿದೆ. ಆದರೂ ತೊಳೆಯುವಾಗ ಜಾರುತ್ತಿತ್ತು. ಟ್ರಾನ್ಸ್‌ಫರ್ ಆದ ಕೂಡಲೇ 0.4 ಶೇಕಡಾ ಪ್ಯಾರಾಫಾರ್ಮಾಲ್ಡಿಹೈಡ್‌ನಲ್ಲಿ ಅರ್ಧ ಗಂಟೆ ಬಿಟ್ಟ ಮೇಲೆ ನಿಂತಿತು. ಸ್ಯಾಂಪಲ್ಲಿಗೆ ಡಿಟಿಟಿ (ಸಿಸ್ಟೀನುಗಳ ಬೆಸುಗೆ ಬಿಡಿಸುವ ರಾಸಾಯನಿಕ) ಆ ದಿನ ಕಲಸಿದ್ದೇ ಆಗಬೇಕು, ಕುದಿಸಿದ ಮೇಲೆ ಅಯೊಡೊಅಸಿಟಮೈಡ್ ಹಾಕಿ ಸಿಸ್ಟೀನುಗಳ ಬಾಯಿ ಮುಚ್ಚಬೇಕು. ಇಲ್ಲದಿದ್ದರೆ ಲೇನು ಪೂರ್ತಿ ಮಸುಕು. ಇಷ್ಟೆಲ್ಲ ಆದ ಮೇಲೆ ಕೊಂಡು ತಂದವನ್ನು ಮತ್ತೆ ಪರೀಕ್ಷಿಸಿದೆ. ಒಂದರಲ್ಲಿ ತೆಳ್ಳಗೆ ಏನೋ ಕಂಡಿತು, ಇನ್ನೊಂದು ಕೊನೆಗೂ ಕೆಲಸಕ್ಕೆ ಬರಲಿಲ್ಲ.

ಕೋಳಿಗೆ ಚುಚ್ಚಲು ಪೆಪ್ಟೈಡ್ (ಪ್ರೋಟೀನಿನ ಪುಟ್ಟ ತುಂಡು) ಆರಿಸುವಾಗ ನಾನು ಯಾರ ಮಾತನ್ನೂ ಕೇಳಲಿಲ್ಲ. ಸಸ್ತನಿಗಳಲ್ಲಿ ಈ ಪ್ರೋಟೀನಿನ ಸಿ-ತುದಿ (ಸರಪಳಿಯ ಕೊನೆ) ಹೆಚ್ಚುಕಮ್ಮಿ ಒಂದೇ ಥರ. ಮೊಲ ಅದನ್ನು ತನ್ನದೇ ಅಂದುಕೊಂಡು ಸುಮ್ಮನಾಗುತ್ತದೆ. ಸಿಸ್ಟೀನುಗಳೂ ಆ ಕಡೆಗೇ ಗುಂಪಾಗಿವೆ. ಎನ್-ತುದಿಯ, ಅಂದರೆ ಶುರುವಿನ, ಮೊದಲ 22 ಅಮೈನೋ ಆಮ್ಲಗಳಲ್ಲಿ ಒಂದೂ ಸಿಸ್ಟೀನಿಲ್ಲ. ಅದರಲ್ಲೊಂದು ತುಂಡು ತೆಗೆದುಕೊಂಡು, ಕೊನೆಗೆ ನಾವೇ ಒಂದು ಸಿಸ್ಟೀನು ಸೇರಿಸಿ, ಅದರ ಮೂಲಕ ಕೆಎಲ್‌ಎಚ್ ಎಂಬ ದೊಡ್ಡ ವಾಹಕ ಪ್ರೋಟೀನಿಗೆ ಕಟ್ಟಿಸಿದೆ. ಎಲ್ಲಿಂದ ಎಲ್ಲಿಯವರೆಗೆ ಅಂತ ಸದ್ಯಕ್ಕೆ ಹೇಳುವುದಿಲ್ಲ, ಪೇಪರ್ ಬರಲಿ. ಕಟ್ಟಿಸಿದ್ದೂ ಸೇರಿ 30 ಸಾವಿರದ ಆಸುಪಾಸು ಆಯಿತು.

ಕೋಳಿಗಳು ಬಿಳಿ ಲೆಗ್‌ಹಾರ್ನ್, ಮಂಡ್ಯ ಕಡೆಯ ಫಾರಂನಿಂದ, ಆಗತಾನೇ ಮೊಟ್ಟೆಗೆ ಬಂದವು, ಒಂದಕ್ಕೆ ನಾನೂರು ಚಿಲ್ಲರೆ. ನಾಟಿ ಕೋಳಿ ಸಾಕಿ, ಗಟ್ಟಿ ಜೀವ ಅಂತ ಸಲಹೆ ಕೊಟ್ಟವರಿದ್ದರು. ಆದರೆ ಅದು ಬಿಟ್ಟು ಬಿಟ್ಟು ಇಡುತ್ತದೆ, ಕಾವಿಗೂ ಕೂರುತ್ತದೆ. ಈ ಕೆಲಸಕ್ಕೆ ಆಗದು. ಕೋಳಿ ಮಾಡುವ ಆ್ಯಂಟಿಬಾಡಿ ಮೊಟ್ಟೆಯ ಹಳದಿಗೂ ಇಳಿಯುತ್ತದೆ. ರಕ್ತ ತೆಗೆಯುವುದಿಲ್ಲವಾದ್ದರಿಂದ ಪ್ರಾಣಿ ನೈತಿಕ ಸಮಿತಿಯಲ್ಲಿ ಹೆಚ್ಚು ಪ್ರಶ್ನೆ ಬರಲಿಲ್ಲ. ಎದೆಯ ಮಾಂಸಕ್ಕೆ ಮೂರ್ನಾಲ್ಕು ಕಡೆ ಚುಚ್ಚಿದ್ದು, ಮೊದಲ ಸಲ ಮಾತ್ರ ಕಂಪ್ಲೀಟ್ ಫ್ರಾಯಿಂಡ್ಸ್ (ಆ್ಯಂಟಿಬಾಡಿ ಹೆಚ್ಚಿಸಲು ಬೆರೆಸುವ ಎಣ್ಣೆ ಮಿಶ್ರಣ), ಆಮೇಲೆ ಎರಡು ಮೂರು ವಾರಕ್ಕೊಮ್ಮೆ ಇನ್‌ಕಂಪ್ಲೀಟ್. ಚುಚ್ಚುವ ಮುಂಚಿನ ಮೊಟ್ಟೆಗಳನ್ನು ಕೋಳಿ ನಂಬರು, ತಾರೀಕು ಪೆನ್ಸಿಲಿನಲ್ಲಿ ಬರೆದು ಎತ್ತಿಡಿ, ಹೋಲಿಸಿ ನೋಡಲು ಅವಿಲ್ಲದೆ ಯಾವ ರಿವ್ಯೂವರ್ ಕೂಡ ನಂಬುವುದಿಲ್ಲ. ಏಪ್ರಿಲ್ ಬಿಸಿಲಿಗೆ ಇಡುವುದು ಅರ್ಧಕ್ಕಿಳಿಯಿತು, ಒಂದು ಕೋಳಿ ಕೊನೆವರೆಗೂ ಏನೂ ಕೊಡಲಿಲ್ಲ. ಇನ್ನೊಂದು ಮಾತ್ರ ಬಂಗಾರ. ಐದನೇ ವಾರದ ಹೊತ್ತಿಗೇ ಅದರ ಹಳದಿ ಎಲೈಸಾದಲ್ಲಿ (ಆ್ಯಂಟಿಬಾಡಿ ಅಳೆಯುವ ಪರೀಕ್ಷೆ) ಎದ್ದು ಕಂಡಿತು.

ಹಳದಿ ತೆಗೆಯುವ ಕೈಪಳಗಿಸಿಕೊಳ್ಳಲು ದೇವರಾಜ ಮಾರುಕಟ್ಟೆ ಪಕ್ಕದ ಅಂಗಡಿಯ ಮೊಟ್ಟೆ ಸಾಕು. ಫಿಲ್ಟರ್ ಪೇಪರಿನ ಮೇಲೆ ಹಳದಿಯನ್ನು ಉರುಳಿಸಿ, ಅಂಟಿದ ಬಿಳಿ ಲೋಳೆ ಪೂರ್ತಿ ಹೋದ ಮೇಲೆ ಪೊರೆ ಚುಚ್ಚಬೇಕು. ಆಮೇಲೆ ಪಿಇಜಿ 6000 (ಪ್ರೋಟೀನನ್ನು ಕೆಳಗಿಳಿಸುವ ಪಾಲಿಮರ್), ಮೊದಲು 3.5 ಶೇಕಡಾದಲ್ಲಿ ಕೊಬ್ಬು ಹೋಗುತ್ತದೆ, 12 ಶೇಕಡಾದಲ್ಲಿ ಐಜಿವೈ, ಅಂದರೆ ಹಳದಿಯ ಆ್ಯಂಟಿಬಾಡಿ, ಕೆಳಗಿಳಿಯುತ್ತದೆ. ಒಂದು ಹಳದಿಗೆ 60-70 ಮಿಲಿಗ್ರಾಂ ಬಂತು. ಅದರಲ್ಲಿ ನಮಗೆ ಬೇಕಾದದ್ದು ಸ್ವಲ್ಪವೇ, ಆದ್ದರಿಂದ ಅದನ್ನಷ್ಟೇ ಹಿಡಿಯುವ ಪೆಪ್ಟೈಡ್ ಕಾಲಂ ಹಾಕಲೇಬೇಕು. ಗ್ಲೈಸಿನ್‌ನಲ್ಲಿ ಇಳಿಸುವ ಮುಂಚೆ ನಾನು ಒಂದು ತೊಳೆತ ಕೊಡುತ್ತೇನೆ, ಹಿನ್ನೆಲೆ ಕಪ್ಪು ಹೋಗುವುದು ಅದರಿಂದಲೇ. ಅದರ ಗುಟ್ಟು ನನ್ನ ಹತ್ತಿರವೇ ಇರಲಿ. ಪ್ರೋಟೀನ್ ಎ, ಜಿ ಮಣಿಗಳು ಐಜಿವೈ ಹಿಡಿಯುವುದಿಲ್ಲ, ಐಪಿ (ಆ್ಯಂಟಿಬಾಡಿಯಿಂದ ಪ್ರೋಟೀನನ್ನು ಸೆಳೆದು ತೆಗೆಯುವುದು) ಮಾಡುವವರು ನೆನಪಿಟ್ಟುಕೊಳ್ಳಿ.

ಮನುಷ್ಯರ ಹೆಕ್293 ಕೋಶಗಳಲ್ಲಿ 7 ಕಿಲೋಡಾಲ್ಟನ್ ಜಾಗದಲ್ಲಿ ಒಂದೇ ಬ್ಯಾಂಡು. ಎಸ್‌ಐಆರ್‌ಎನ್‌ಎ ಲೇನಿನಲ್ಲಿ ಅದು ಹೆಚ್ಚುಕಮ್ಮಿ ಅಳಿಸಿಹೋಯಿತು, ಹೋಲಿಕೆಗೆ ನೋಡಿದ ಮೈಟೊಕಾಂಡ್ರಿಯದ ಇನ್ನೊಂದು ಪ್ರೋಟೀನು ವಿಡಿಎಸಿ ಹಾಗೇ ಇತ್ತು. ಆ್ಯಂಟಿಬಾಡಿಗೆ ಪೆಪ್ಟೈಡ್ ಬೆರೆಸಿದರೆ ಬ್ಯಾಂಡು ಮಾಯ. ಸೈಟೊಸಾಲ್ (ಮೈಟೊಕಾಂಡ್ರಿಯದ ಹೊರಗಿನ ಕೋಶದ್ರವ) ಭಾಗದಲ್ಲೂ ಬ್ಯಾಂಡ್ ಬಂದದ್ದನ್ನು ನೋಡಿ ‘ನಿಮ್ಮ ಆ್ಯಂಟಿಬಾಡಿ ಕಂಡದ್ದನ್ನೆಲ್ಲ ಹಿಡಿಯುತ್ತದೆ’ ಅಂದರು ಒಬ್ಬರು. ಯೀಸ್ಟಿನಲ್ಲಿ 1996ರಲ್ಲಿ ಈ ಪ್ರೋಟೀನು ಗೊತ್ತಾದ ಸ್ವಲ್ಪ ಕಾಲಕ್ಕೇ ಅದು ಎರಡೂ ಕಡೆ ಇದೆ ಅಂತ ತೋರಿಸಿದ್ದಾರೆ. ಹೊರಗೆ ಹೋಗದ ಹಾಗೆ ಅದನ್ನು ಮೈಟೊಕಾಂಡ್ರಿಯದ ಒಳಪೊರೆಗೆ ಕಟ್ಟಿಹಾಕಿದರೂ ಯೀಸ್ಟ್ ಉಸಿರಾಡಿತು ಅಂತ 2004ರಲ್ಲಿ ಬಂತು. ಎರಡೂ ಕಡೆ ಬ್ಯಾಂಡ್ ಬಂದದ್ದು ನನಗೆ ಖುಷಿಯೇ.

ನಡುವೆ ಒಂದು ಆಸೆಗೆ ಬನ್ನೂರು ಕುರಿಯ ಲಿವರನ್ನು ಬೆಳಗ್ಗೆ ಕಡಿದ ಕೂಡಲೇ ಐಸಿನಲ್ಲಿ ತಂದು, ಸುಕ್ರೋಸಿನಲ್ಲಿ ಅರೆದು ಮೈಟೊಕಾಂಡ್ರಿಯ ತೆಗೆದೆ. ಬ್ಯಾಂಡು ಬಂತು, ತೆಳ್ಳಗೆ. ತಾಮ್ರ ಹಿಡಿದಿಡುವ ಬಿಸಿಎಸ್ ಹಾಕಿ ಕೋಶಗಳಿಗೆ ತಾಮ್ರ ಸಿಗದ ಹಾಗೆ ಮಾಡಿದಾಗ, ತಾಮ್ರ ಒಯ್ಯುವ ಇನ್ನೊಂದು ಪ್ರೋಟೀನು ಸಿಸಿಎಸ್ ಏರಿತು, ಅದು ಏರಲೇಬೇಕು. ಕಾಕ್ಸ್17 ಮಾತ್ರ ನಮ್ಮ ಕೈಲಿ ಒಂದೊಂದು ಸಲ ಒಂದೊಂದು ಥರ, ಇನ್ನೂ ನೋಡುತ್ತಿದ್ದೇನೆ.

ಕೋಳಿ, ಮೇವು, ಪಿಇಜಿ, ಕಾಲಂ, ಕೋಳಿ ಆ್ಯಂಟಿಬಾಡಿಯನ್ನು ಹಿಡಿದು ತೋರಿಸುವ ಸೆಕೆಂಡರಿ ಆ್ಯಂಟಿಬಾಡಿ ಎಲ್ಲ ಸೇರಿ 80 ಸಾವಿರದೊಳಗೆ ಮುಗಿಯಿತು. ಹೊರಗಿನ ಎರಡು ಪುಟ್ಟ ಟ್ಯೂಬಿನ ಬೆಲೆ. ಕೈಯಲ್ಲಿರುವುದು ನಾಲ್ಕೈದು ವರ್ಷಕ್ಕೆ ಸಾಕು. ಫ್ರಿಜ್ಜಿನಲ್ಲಿ ಸೋಡಿಯಂ ಅಝೈಡ್ ಹಾಕಿಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಆದರೆ ಅಝೈಡ್ ಎಚ್‌ಆರ್‌ಪಿಯನ್ನೂ (ಬ್ಲಾಟಿನಲ್ಲಿ ಬ್ಯಾಂಡು ಕಾಣಿಸುವ ಕಿಣ್ವ) ತಡೆಯುತ್ತದೆ, ಕಾಂಪ್ಲೆಕ್ಸ್ ನಾಲ್ಕನ್ನೂ ತಡೆಯುತ್ತದೆ. ಆಕ್ಟಿವಿಟಿ ಅಳೆಯುವ ಬೆಂಚಿನ ಕಡೆ ಆ ಟ್ಯೂಬು ಹೋಗದ ಹಾಗೆ ನೋಡಿಕೊಳ್ಳಿ.