ಬ್ಯಾಡ್ಜ್ ಕಿತ್ತು ಮಾರಿದ ಕ್ಯಾಮರೊ

ಹೋದ ಸೆಪ್ಟೆಂಬರ್‌ನಲ್ಲಿ ನನ್ನ 1969ರ ಶೆವ್ರೊಲೆ ಕ್ಯಾಮರೊ ಮಾರಿದೆ. ಕೊಂಡಿದ್ದು 24 ಸಾವಿರ ಡಾಲರ್‌ಗೆ. ಆಮೇಲೆ ಅದಕ್ಕೆ ಸುರಿದಿದ್ದು 31 ಸಾವಿರ. ಕೈಗೆ ಬಂದಿದ್ದು 39,500. ಲೆಕ್ಕ ನೀವೇ ಹಾಕಿಕೊಳ್ಳಿ. ನನ್ನ ಹೆಂಡತಿ ಆಗಲೇ ಹಾಕಿದ್ದಾಳೆ.

ನಾವಿರುವುದು ಮಿಶಿಗನ್‌ನಲ್ಲಿ, ಡೆಟ್ರಾಯಿಟ್ ಹತ್ತಿರ. ಇಲ್ಲಿ ಆಗಸ್ಟ್‌ನ ಮೂರನೇ ಶನಿವಾರ ವುಡ್‌ವರ್ಡ್ ಅವೆನ್ಯೂ ಉದ್ದಕ್ಕೂ ಹಳೇ ಕಾರುಗಳ ಜಾತ್ರೆ. 1995ರಲ್ಲಿ ಶುರುವಾದದ್ದು, ವುಡ್‌ವರ್ಡ್ ಡ್ರೀಮ್ ಕ್ರೂಸ್ ಅಂತ ಹೆಸರು. ತೇರು ನೋಡಲು ಬಂದವರ ಹಾಗೆ ಜನ ರಸ್ತೆ ಬದಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ನಾನೂ ಹಾಗೇ ಏಳು ವರ್ಷ ಕೂತೆ. ಎಂಟನೇ ವರ್ಷ ಕಾರು ತಂದೆ.

ತಂದಾಗ ಗ್ರಿಲ್ಲಿನಲ್ಲಿ, ಎರಡೂ ಫೆಂಡರ್ ಮೇಲೆ, ಹಿಂದೆ, ಎಲ್ಲ ಕಡೆ ಎಸ್‌ಎಸ್ ಬ್ಯಾಡ್ಜ್ ಇತ್ತು. ಸೂಪರ್ ಸ್ಪೋರ್ಟ್ ಅಂತ, ಕ್ಯಾಮರೊದಲ್ಲೇ ಹೆಚ್ಚು ಜೋರಿನ, ಹೆಚ್ಚು ಬೆಲೆಯ ಮಾದರಿ. ಬಾನೆಟ್ ಎತ್ತಿದರೆ 350 ಕ್ಯುಬಿಕ್ ಇಂಚಿನ ವಿ8, ಅಂದರೆ ಎಂಟು ಸಿಲಿಂಡರ್ ಎಂಜಿನ್. ಮಾರಿದವರು ಒರಿಜಿನಲ್ ಅಂದರು, ನಾನು ತಲೆಯಾಡಿಸಿದೆ.

ಆರು ತಿಂಗಳಾದ ಮೇಲೆ ಬ್ರೇಕ್ ಕೆಲಸಕ್ಕೆ ಮುಂದಿನ ಚಕ್ರ ಬಿಚ್ಚಿದೆ. ಒಳಗೆ ಡ್ರಮ್. 1969ರ ಎಸ್‌ಎಸ್‌ಗೆ ಮುಂದೆ ಡಿಸ್ಕ್ ಬ್ರೇಕ್ ಕಂಪನಿಯಿಂದಲೇ ಬರುತ್ತಿತ್ತು. ಹಿಂದೆ ಬಗ್ಗಿ ನೋಡಿದರೆ ಪ್ಲೇಟ್ ಸ್ಪ್ರಿಂಗ್‌ನಲ್ಲಿ ಒಂದೇ ಪ್ಲೇಟು, ಎಸ್‌ಎಸ್ ಆಗಿದ್ದರೆ ಹಲವು ಇರಬೇಕಿತ್ತು. ಆಗ ಟಾರ್ಚ್ ಹಿಡಿದು, ಡ್ಯಾಶ್‌ಬೋರ್ಡ್ ಮೂಲೆಯಲ್ಲಿ ಗಾಜಿನೊಳಗೆ ಕಾಣುವ ವಿನ್ ನಂಬರ್, ಅಂದರೆ ಕಾರಿನ ಗುರುತಿನ ಸಂಖ್ಯೆ, ಓದಿದೆ. ಆ ವರ್ಷದ ಕ್ಯಾಮರೊ ಕೂಪೆಗೆ ಅದು 12437 ಅಂತ ಶುರುವಾದರೆ ವಿ8. 12337 ಅಂದರೆ ಆರು ಸಿಲಿಂಡರ್. ಎಸ್‌ಎಸ್ ಬಂದಿದ್ದು ವಿ8ನಲ್ಲಿ ಮಾತ್ರ. ನನ್ನದರಲ್ಲಿ ಮೂರನೇ ಅಂಕಿ 3.

ಅಂದರೆ ಒಹಾಯೊದ ನಾರ್‌ವುಡ್ ಕಾರ್ಖಾನೆಯಿಂದ (ವಿನ್‌ನಲ್ಲಿ ಎನ್ ಅಕ್ಷರ ಇದ್ದರೆ ನಾರ್‌ವುಡ್, ಎಲ್ ಇದ್ದರೆ ಕ್ಯಾಲಿಫೋರ್ನಿಯಾದ ವ್ಯಾನ್ ನೈಸ್) ಅದು ಬಡಪಾಯಿ ಆರು ಸಿಲಿಂಡರ್ ಆಗಿ ಹೊರಟಿತ್ತು. ದಾರಿಯಲ್ಲಿ ಯಾರೋ ವಿ8 ಕೂರಿಸಿದ್ದಾರೆ. ಇನ್ಯಾರೋ ಬ್ಯಾಡ್ಜ್ ಅಂಟಿಸಿದ್ದಾರೆ. ಇದೇ ನಂಬರ್ ಟೈಟಲ್ ಪೇಪರಿನಲ್ಲೂ, ಅಂದರೆ ಮಾಲೀಕತ್ವದ ಪತ್ರದಲ್ಲೂ, ಇತ್ತು. ಆರು ತಿಂಗಳು ನನ್ನ ಬೀರುವಿನಲ್ಲೇ ಇತ್ತು!

ಒಂದು ವಾರ ಕಾರಿನ ಮುಖ ನೋಡಲಿಲ್ಲ. ಆಮೇಲೆ ಅನ್ನಿಸಿತು, ಒರಿಜಿನಲ್ ಅಲ್ಲ ಅಂದಮೇಲೆ ಬೇಕಾದ್ದು ಮಾಡಬಹುದು, ಅಲ್ವಾ?

ಮೊದಲು ತುಕ್ಕು. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರೆ, ಅದು ತಗಡನ್ನು ಹಪ್ಪಳ ಮಾಡಿಬಿಡುತ್ತದೆ. ಎಡಗಡೆ ಕಾರ್ಪೆಟ್ ಎತ್ತಿದೆ. ಫ್ಲೋರ್ ಮೇಲೆ ಒಂದು ತಗಡಿನ ತುಂಡಿಟ್ಟು ರಿವೆಟ್ ಹೊಡೆದು, ಮೇಲೆ ಟಾರು ಬಳಿದಿದ್ದರು. ಅದನ್ನು ಕಿತ್ತರೆ ಕೆಳಗೆ ನಮ್ಮ ಗ್ಯಾರೇಜಿನ ನೆಲ ಕಾಣಿಸಿತು. ವೈಪರ್ ಕೆಳಗಿನ ಜಾಲರಿಯೊಳಗೆ ಹಳೇ ಎಲೆಗಳು ಕೊಳೆತು ಗೊಬ್ಬರ ಆಗಿದ್ದವು. ಆ ತೇವಕ್ಕೇ ಫ್ಲೋರ್ ಹೋಗಿದ್ದು. ಟಿಂಕರಿಂಗ್ ನಾನೇ ಕಲಿತೆ ಅಂತ ಬಡಾಯಿ ಕೊಚ್ಚಲ್ಲ. ಕತ್ತರಿಸಿದ್ದು ನಾನು, ಹೊಸ ಫ್ಲೋರ್ ತಗಡು ಕೂರಿಸಿ ವೆಲ್ಡ್ ಮಾಡಿದ್ದು ಒಬ್ಬ ನುರಿತ ಕೆಲಸಗಾರ. ಪೇಂಟ್ ಹೊಡೆಯುವ ಮೊದಲು ಪ್ರತಿ ಜಾಯಿಂಟಿನ ಫೋಟೊ ತೆಗೆದಿಟ್ಟೆ. ಆಗ ಅದು ಸುಮ್ನೆ ಚಪಲ.

ಆಮೇಲೆ ಮುಂದೆ ಡಿಸ್ಕ್ ಬ್ರೇಕ್, ಹಿಂದೆ ನಾಲ್ಕು ಪ್ಲೇಟಿನ ಸ್ಪ್ರಿಂಗ್, ಟ್ರೆಮೆಕ್ ಕಂಪನಿಯ ಐದು ಗೇರಿನ ಗೇರ್‌ಬಾಕ್ಸ್. ಪೆಟ್ರೋಲಿಗೆ ಗಾಳಿ ಬೆರೆಸುವ ಹಳೇ ಕಾರ್ಬ್ಯುರೇಟರ್ ತೆಗೆದು, ಪೆಟ್ರೋಲನ್ನು ಒತ್ತಡದಲ್ಲಿ ಚಿಮ್ಮಿಸುವ ಫ್ಯೂಯೆಲ್ ಇಂಜೆಕ್ಷನ್ ಹಾಕಿದೆ. ಇದು ಕಂಡಷ್ಟು ಸುಲಭ ಅಲ್ಲ. ಕಾರ್ಬ್ಯುರೇಟರ್‌ಗೆ ಆರೇಳು ಪಿಎಸ್‌ಐ ಒತ್ತಡ ಸಾಕು. ನನ್ನ ಇಂಜೆಕ್ಷನ್‌ಗೆ 58 ಬೇಕು. ಅಂದರೆ ಹೊಸ ಟ್ಯಾಂಕು, ಅದರೊಳಗೆ ಪಂಪು, ಹೊಸ ಪೈಪು, ಪಂಪಿಗೆ ಕರೆಂಟ್ ಕೊಡುವ ಸ್ವಿಚ್ಚಿನಂಥ ಬೇರೆ ರಿಲೇ. 1,300 ಡಾಲರ್ ಅಂದುಕೊಂಡದ್ದು 2,900 ನುಂಗಿತು. ಆದರೆ ಏಪ್ರಿಲ್ ಚಳಿಯಲ್ಲೂ ಕೀ ತಿರುಗಿಸಿದ ತಕ್ಷಣ ಸ್ಟಾರ್ಟ್! ಒಂದು ನಿಯಮ ಮಾತ್ರ ಇಟ್ಟುಕೊಂಡಿದ್ದೆ: ಹೊಸದು ಕೂರಿಸಲು ಬಾಡಿ ಕತ್ತರಿಸಬಾರದು. ಬಿಚ್ಚಿದ್ದೆಲ್ಲ ಡಬ್ಬದಲ್ಲಿ ಇರಬೇಕು.

ಮಾರುವ ಹೊತ್ತಿಗೆ ಟ್ರಾಯ್‌ನಲ್ಲಿರುವ ಕನ್ನಡದ ಗೆಳೆಯ ಒಬ್ಬ ಬುದ್ಧಿ ಹೇಳಿದ. "ಬ್ಯಾಡ್ಜ್ ಇರಲಿ ಬಿಡೋ ಮಾರಾಯ. ನೀನು ಎಸ್‌ಎಸ್ ಅಂತ ಬಾಯಿಬಿಟ್ಟು ಹೇಳಬೇಡ. ನೋಡಿದವರು ಅಂದುಕೊಂಡರೆ ಅವರ ಹಣೆಬರಹ." ನನಗೆ ಮಾರಿದವರೂ ಹೀಗೇ ಯೋಚಿಸಿರಬೇಕು. ಬ್ಯಾಡ್ಜ್ ಕಿತ್ತೆ. ಫೆಂಡರ್‌ನಲ್ಲಿ ಪುಟ್ಟ ಪುಟ್ಟ ತೂತು ಉಳಿದವು. ಅದನ್ನು ಮುಚ್ಚಿ ಪೇಂಟ್ ಮಾಡಿಸಲು ಮತ್ತೆ 600 ಡಾಲರ್.

ಜಾಹೀರಾತಿನ ಮೊದಲ ಸಾಲೇ ಹೀಗಿತ್ತು: ಇದು ಎಸ್‌ಎಸ್ ಅಲ್ಲ, ಆರು ಸಿಲಿಂಡರ್ ಆಗಿ ಹುಟ್ಟಿದ್ದು, ಎಂಜಿನ್ ಈ ಕಾರಿನದ್ದಲ್ಲ. ಎರಡು ವಾರ ಹೆಚ್ಚು ಫೋನ್ ಬರಲಿಲ್ಲ. ಬಂದವರೂ 28ಕ್ಕೆ ಕೊಡ್ತೀಯಾ ಅಂದರು. ಬೆಲೆ ಜಾಸ್ತಿ ಇಟ್ಟೆನೇನೋ ಅಂತ ನನಗೂ ಅನುಮಾನ ಬಂತು.

ಮೂರನೇ ವಾರ ಒಹಾಯೊದಿಂದ ಒಬ್ಬ ಹಿರಿಯರು ಫೋನ್ ಮಾಡಿದರು. ಎಪ್ಪತ್ತರ ಆಸುಪಾಸು. ಕೇಳಿದ್ದು ಒಂದೇ: ನಾನು ಬರುವ ಮೊದಲು ಎಂಜಿನ್ ಸ್ಟಾರ್ಟ್ ಮಾಡಬೇಡ. ಬಿಸಿ ಎಂಜಿನ್ನಿನಲ್ಲಿ ಸ್ಟಾರ್ಟಿಂಗ್ ತೊಂದರೆ ಮುಚ್ಚಿಹೋಗುತ್ತದಲ್ಲ. ಬಂದವರೇ ಬಾನೆಟ್ ಎತ್ತಿಸಿ ಎಕ್ಸಾಸ್ಟ್ ಪೈಪಿನ ಮೇಲೆ ಅಂಗೈ ಇಟ್ಟರು. ತಣ್ಣಗಿತ್ತು. ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತ ಜೇಬಿನಿಂದ ತೆಗೆದು ಹಿಂದಿನ ಚಕ್ರದ ಮೇಲಿನ ತಗಡಿಗೆ, ಬಾಗಿಲ ಕೆಳಗೆ ಮೆಲ್ಲಗೆ ಆಡಿಸಿದರು. ಪುಟ್ಟಿ ದಪ್ಪಗಿದ್ದರೆ ಅದು ಹಿಡಿಯುವುದಿಲ್ಲ. ಬಲಗಡೆ ಒಂದು ಕಡೆ ಜಾರಿತು. ನನ್ನ ಕಡೆ ನೋಡಿದರು. ನಾನು ಲ್ಯಾಪ್‌ಟಾಪ್ ತೆರೆದು ಅದೇ ಜಾಗದ ಫೋಟೊ ತೋರಿಸಿದೆ. ಕಾರು ನೋಡಿದ್ದು ಅರ್ಧ ಗಂಟೆ. ಫೋಟೊ ನೋಡಿದ್ದು ಒಂದೂವರೆ ಗಂಟೆ. ನಡುವೆ ನನ್ನ ಹೆಂಡತಿ ಎರಡು ಸಲ ಕಾಫಿ ಕೊಟ್ಟಳು. ಕಾರಿನ ಕೆಳಗಿದ್ದ ರಟ್ಟಿನ ಮೇಲೆ ಎರಡು ಹನಿ ಆಯಿಲ್ ಇತ್ತು. ಎಂಜಿನ್ನಿನ ಹಿಂದಿನ ಸೀಲ್ ಸೋರುತ್ತದೆ ಅಂತ ನಾನೇ ಹೇಳಿದೆ. ಅದಕ್ಕೆ 500 ಇಳಿಸಿದರು.

ದುಡ್ಡು ಬ್ಯಾಂಕಿನೊಳಗೇ ಕೂತು ತೆಗೆದುಕೊಂಡೆ. ಚೆಕ್ ಅಸಲಿಯೋ ನಕಲಿಯೋ ಅಲ್ಲೇ ಗೊತ್ತಾಗುತ್ತದೆ. ಮಿಶಿಗನ್‌ನಲ್ಲಿ ನಂಬರ್ ಪ್ಲೇಟ್ ಮಾರಿದವರ ಹತ್ತಿರವೇ ಉಳಿಯಬೇಕು, ಅದನ್ನು ಬಿಚ್ಚಿಕೊಂಡೆ. ಹಳೇ ಕಾರ್ಬ್ಯುರೇಟರ್ ಡಬ್ಬ ಅವರ ಡಿಕ್ಕಿಗೆ ಹೋಯಿತು. ಬ್ಯಾಡ್ಜ್‌ಗಳನ್ನೂ ಕೇಳಿದರು, ಕೊಡಲಿಲ್ಲ.

ಹತ್ತು ದಿನ ಬಿಟ್ಟು ಅವರ ಫೋನ್. ಕಾರು ಸ್ಟಾರ್ಟ್ ಆಗುತ್ತಿಲ್ಲ, ಪಂಪಿನ ರಿಲೇ ಎಲ್ಲಿದೆ ಮಾರಾಯ, ನಿನ್ನ 400 ಫೋಟೊದಲ್ಲಿ ಅದೊಂದೇ ಇಲ್ಲ ಅಂದರು. ಹಿಂದಿನ ಸೀಟಿನ ಕೆಳಗೆ, ಬಲಗಡೆ ಅಂದೆ.