ನಡುವಿನ ಅಕ್ಷರದ ಬೆನ್ನು ಹತ್ತಿ

ನಂಬರ್ ಪ್ಲೇಟ್ ಸಂಗ್ರಹಿಸುತ್ತೇನೆ ಎಂದೊಡನೆ ಶಿರಸಿಯಲ್ಲಿ ಯಾರಾದರೂ ಕೇಳುವುದು ಒಂದೇ ಪ್ರಶ್ನೆ: 9999 ಸಿಕ್ಕಿತೇ? ಅಂಥ ಫ್ಯಾನ್ಸಿ ಅಂಕಿಗಳ ಮೇಲೆ ನನಗೆ ಕಿಂಚಿತ್ತೂ ಆಸೆಯಿಲ್ಲ. ನನಗೆ ಬೇಕಾದದ್ದು ಅಂಕಿಯ ಹಿಂದಿರುವ ಅಕ್ಷರ.

ನಮ್ಮ ಉತ್ತರ ಕನ್ನಡ ಜಿಲ್ಲೆಯ ಸಾರಿಗೆ ಕಚೇರಿಗಳ ಸಂಕೇತಗಳು ನಾಲ್ಕು: ಕಾರವಾರ ಕೆಎ 30, ಶಿರಸಿ 31, ಹೊನ್ನಾವರ 47, ದಾಂಡೇಲಿ 65. ಇಷ್ಟು ಎಲ್ಲರಿಗೂ ಗೊತ್ತು. ಅದರ ಮುಂದಿನ ಅಕ್ಷರವನ್ನು ಓದುವವರು ಕಡಿಮೆ. ಎಂ, ಎನ್, ಪಿ, ಝಡ್ ಸಾಮಾನ್ಯವಾಗಿ ಖಾಸಗಿ ಕಾರುಗಳಿಗೆ. ಎ, ಬಿ, ಸಿ, ಡಿ ಹಳದಿ ಫಲಕದ ಬಾಡಿಗೆ ವಾಹನಗಳಿಗೆ. ಟಿ ಟ್ರ್ಯಾಕ್ಟರಿಗೆ, ಜಿ ಸರ್ಕಾರಿ ಜೀಪಿಗೆ, ಎಫ್ ಸಾರಿಗೆ ಸಂಸ್ಥೆಯ ಬಸ್ಸಿಗೆ. ಐ ಮತ್ತು ಓ ಇಲ್ಲವೇ ಇಲ್ಲ, ಒಂದು ಮತ್ತು ಸೊನ್ನೆಯೊಂದಿಗೆ ಗೊಂದಲವಾಗುತ್ತದೆಂದು.

ನನ್ನ ರಿಜಿಸ್ಟರಿನಲ್ಲಿ ಪ್ರತಿ ಸರಣಿಗೆ, ಅಂದರೆ ಕಚೇರಿ ಸಂಕೇತ ಮತ್ತು ಅಕ್ಷರ ಸೇರಿದ ಪ್ರತಿ ಗುಂಪಿಗೆ, ಒಂದು ಪುಟ. ಪೂರ್ತಿ ನಂಬರ್ ಬರೆಯುವುದಿಲ್ಲ. ಯಾರ ಕಾರು ಎಲ್ಲಿ ನಿಂತಿತ್ತು ಎಂಬುದು ನನಗೆ ಬೇಕಿಲ್ಲದ ಸಂಗತಿ. ಕಚೇರಿ, ಅಕ್ಷರ, ಸಾವಿರದ ಸ್ಥಾನದ ಅಂಕಿ, ಕಂಡ ಊರು, ತಿಂಗಳು: ಇಷ್ಟೇ. ಒಂದು ಸರಣಿ 9999ಕ್ಕೆ ಮುಗಿಯುವುದರಿಂದ, ಸಾವಿರದ ಅಂಕಿ ಯಾವಾಗ ಬದಲಾಯಿತೆಂದು ಗುರುತಿಸಿಕೊಂಡರೆ ಆ ಕಚೇರಿಯಲ್ಲಿ ಎಷ್ಟು ಬೇಗ ವಾಹನ ನೋಂದಣಿಯಾಗುತ್ತಿದೆ ಎಂಬುದು ತಾನಾಗಿಯೇ ತಿಳಿಯುತ್ತದೆ. ಬೈಕುಗಳ ಅಕ್ಷರ ಓಡುತ್ತದೆ, ಕಾರುಗಳದು ತೆವಳುತ್ತದೆ.

ಆರಂಭಿಸುವವರಿಗೆ ಬಸ್ ನಿಲ್ದಾಣವೇ ಒಳ್ಳೆಯ ಪಾಠಶಾಲೆ. ಕಾರವಾರದಲ್ಲಿ ನಿಂತರೂ ಭಟ್ಕಳದಲ್ಲಿ ನಿಂತರೂ ಊರ ಬಸ್ಸುಗಳ ಮೇಲೆ ಕಾಣುವುದು ಕೆಎ 31 ಎಫ್, ಏಕೆಂದರೆ ವಾಯವ್ಯ ಸಾರಿಗೆಯ ನಮ್ಮ ವಿಭಾಗದ ಕೇಂದ್ರ ಶಿರಸಿ. ಪಕ್ಕದಲ್ಲೇ ಮಂಗಳೂರಿನ 19 ಎಫ್ ಬಂದು ನಿಲ್ಲುತ್ತದೆ. ಗೋಕರ್ಣದಲ್ಲಿ ಕಪ್ಪು ಫಲಕದ ಮೇಲೆ ಹಳದಿ ಅಕ್ಷರದ ಸ್ಕೂಟರ್ ಕಂಡರೆ ಅದು ಸ್ವಯಂ ಚಾಲನೆಗೆ ಬಾಡಿಗೆ ಪಡೆದದ್ದು, ಹೆಚ್ಚಿನವು ಗೋವಾದವು. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ಪಾರ್ಕಿಂಗ್ ಮೈದಾನದಲ್ಲಿ ಒಂದು ಸುತ್ತು ಹಾಕಿದರೆ ಅರ್ಧ ರಾಜ್ಯ ಸಿಗುತ್ತದೆ.

ನನ್ನ ಹಳೆಯ ಪುಸ್ತಕಗಳಲ್ಲಿ ಕೆಎ 34 ಮತ್ತು 35ರ ಪುಟಗಳು ವಿಪರೀತ ತುಂಬಿವೆ. ಬಳ್ಳಾರಿ, ಹೊಸಪೇಟೆಯ ಲಾರಿಗಳು ಅದಿರು ಹೇರಿಕೊಂಡು ಅರಬೈಲು ಘಟ್ಟ ಇಳಿದು ಅಂಕೋಲೆಯ ಮೂಲಕ ಬೇಲೇಕೇರಿ ಬಂದರಿಗೆ ಸಾಲುಗಟ್ಟುತ್ತಿದ್ದ ಕಾಲವದು. 2010ರಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಷೇಧಿಸಿದ ಮೇಲೆ ಆ ಪುಟಗಳಿಗೆ ನಾನು ಸೇರಿಸಿದ್ದು ತೀರಾ ಅಲ್ಪ. ಹವ್ಯಾಸಕ್ಕೆಂದು ಬರೆದಿಟ್ಟ ಪಟ್ಟಿ ಹೀಗೆ ಜಿಲ್ಲೆಯ ದಾಖಲೆಯೂ ಆಗಿಬಿಟ್ಟಿದೆ.

ತಗಡಿನ ಫಲಕಗಳನ್ನು ಗುಜರಿಯಿಂದ ಕೊಳ್ಳಬಾರದೆಂಬುದು ನನ್ನ ನಿಯಮ. ಅದು ಯಾವ ವಾಹನದ್ದೋ, ಯಾವ ತಕರಾರಿನದ್ದೋ. 2019ರ ಏಪ್ರಿಲ್‌ಗಿಂತ ಹಿಂದಿನ ವಾಹನಗಳಿಗೂ ಅತಿ ಸುರಕ್ಷಿತ ಫಲಕ ಕಡ್ಡಾಯವೆಂದು 2023ರಲ್ಲಿ ಆದೇಶವಾದಾಗ, ನೆಂಟರು ಬಿಚ್ಚಿಸಿದ ಹಳೆಯವನ್ನು ಕೇಳಿ ಪಡೆದೆ. ಕುಂಚದಲ್ಲಿ ಬರೆದ 31ರಲ್ಲಿ ಕೆಲವು ಪೇಂಟರ್‌ಗಳು ಮೂರರ ನೆತ್ತಿಯನ್ನು ಚಪ್ಪಟೆ ಮಾಡುತ್ತಿದ್ದರು, ಕೆಲವರು ದುಂಡಗೆ ತಿರುಗಿಸುತ್ತಿದ್ದರು. ಹೊಸ ಫಲಕದಲ್ಲಿ ಅಶೋಕ ಚಕ್ರದ ಹೊಲೊಗ್ರಾಂ, ಲೇಸರ್ ಸಂಖ್ಯೆ ಎಲ್ಲ ಇವೆ, ಬರೆದವನ ಕೈ ಮಾತ್ರ ಇಲ್ಲ. ಕರಾವಳಿಯಿಂದ ಬಂದ ತಗಡುಗಳಿಗೆ ಉಪ್ಪುಗಾಳಿಯ ತುಕ್ಕು ಹಿಡಿದಿರುತ್ತದೆ. ಹಿಂಬದಿಗೆ ತೆಳುವಾಗಿ ಯಂತ್ರದ ಎಣ್ಣೆ ಸವರಿ ಮರದ ಚೌಕಟ್ಟಿನಲ್ಲಿ ನಿಲ್ಲಿಸಿಡುತ್ತೇನೆ. ಪೆಟ್ರೋಲ್‌ನಿಂದ ಒರೆಸಿದರೆ ಬಣ್ಣವೇ ಎದ್ದು ಬರಬಹುದು.

ಕಾರವಾರದಲ್ಲಿ ಮೇಲ್ಮುಖ ಬಾಣದ ಗುರುತಿರುವ ರಕ್ಷಣಾ ವಾಹನಗಳೂ ಕಾಣುತ್ತವೆ. ಅವುಗಳ ಫೋಟೊ ತೆಗೆಯುವುದಿಲ್ಲ, ಬರೆದುಕೊಳ್ಳುವುದೂ ಇಲ್ಲ. ನೌಕಾನೆಲೆಯ ಬೇಲಿಯ ಬಳಿ ನೋಟ್‌ಬುಕ್ ಹಿಡಿದು ನಿಲ್ಲುವ ಉತ್ಸಾಹ ಯಾರಿಗೂ ಬೇಡ. ನಿಜವಾದ ತಲೆನೋವು 2021ರಲ್ಲಿ ಬಂದ, ರಾಜ್ಯ ಬದಲಾದರೂ ಮರುನೋಂದಣಿ ಬೇಡದ ಬಿಎಚ್ (ಭಾರತ್) ಸರಣಿ. ಕೇಂದ್ರ ಸರ್ಕಾರಿ ನೌಕರರಿರುವ ಊರಿನಲ್ಲಿ ಅದು ಕಣ್ಣಿಗೆ ಬೀಳದೇ ಇರುವುದಿಲ್ಲ. ಮೊದಲು ವರ್ಷದ ಎರಡು ಅಂಕಿ, ಆಮೇಲೆ ಬಿಎಚ್. ಊರಿನ ಸುಳಿವೇ ಇಲ್ಲ. ಅದಕ್ಕಾಗಿ ವರ್ಷವಾರು ಬೇರೆ ಪುಸ್ತಕವನ್ನೇ ತೆರೆದೆ. ಮುಖ್ಯ ರಿಜಿಸ್ಟರಿನಲ್ಲಿ ಸದ್ಯಕ್ಕೆ ಖಾಲಿಯಿರುವುದು ಕೆಎ 65 ಜಿ. ದಾಂಡೇಲಿಯ ಸರ್ಕಾರಿ ಜೀಪೊಂದನ್ನು ಕಂಡವರು ಸಾವಿರದ ಅಂಕಿಯನ್ನಷ್ಟೇ ನೆನಪಿಟ್ಟು ಹೇಳಿದರೂ ಸಾಕು.